ನೇರವಾಗಿ ನಿಲ್ಲಿಸಿದ ಇಪ್ಪತ್ತು ಗೂಟಗಳು

ಕಾಡಿನ ಇಲಾಖೆಗೆ ಹೊಸದಾಗಿ ಗಾರ್ಡ್ ಆಗಿ ಸೇರುವವರು ನನ್ನ ಜಗಲಿಗೆ ಬಂದು ಕೂತರೆ ಮೊದಲು ಕೇಳುವುದು ಹುಲಿಯ ವಿಷಯ. ಹುಲಿಗೆ ನಾನು ಅಷ್ಟೇನೂ ಹೆದರಿದವನಲ್ಲ. ಹುಲಿಗೆ ಒಂದು ದಾರಿ ಇರುತ್ತದೆ, ಒಂದು ವಾಸನೆ ಇರುತ್ತದೆ, ಅದು ಬರುವ ಮುಂಚೆ ಮರದ ಮೇಲಿನ ಮುಸುವ ಕೋತಿ ಕೂಗಿ ಹೇಳುತ್ತದೆ. ಮೂವತ್ತು ವರ್ಷ ನಾನು ಹೆದರಿದ್ದು ಹುಲ್ಲಿಗೆ. ನಗಬೇಡಿ. ಹುಲ್ಲಿನ ಕೆಳಗೆ ಏನಿದೆ ಎಂದು ತಿಳಿದವನು ನಗುವುದಿಲ್ಲ.

ನಾನು ಗಾರ್ಡ್ ಆದದ್ದು ಯಾವಾಗ, ಫಾರೆಸ್ಟರ್ ಆದದ್ದು ಯಾವಾಗ, ಇದೆಲ್ಲ ಪಿಂಚಣಿಯ ಕಾಗದದಲ್ಲಿದೆ, ಬೇಕಾದವರು ಓದಿಕೊಳ್ಳಲಿ. ನಾನು ಬರೆಯುವುದು ಆ ಕಾಗದದಲ್ಲಿ ಇಲ್ಲದ್ದನ್ನು. ನಮ್ಮ ಬಡಗರ ಮಾತನ್ನು ಪುಸ್ತಕದ ಕನ್ನಡದ ಕಡೆಗೆ ಸ್ವಲ್ಪ ಎಳೆದಿದ್ದೇನೆ, ನಮ್ಮವರು ಕ್ಷಮಿಸಬೇಕು.

ರೈಲು ಇನ್ನೂ ಕೂನೂರಿನಲ್ಲೇ ನಿಂತಿದ್ದ ಕಾಲ. ಉದಕಮಂಡಲಕ್ಕೆ ಜನ ಗಾಡಿಯಲ್ಲಿ ಬರುತ್ತಿದ್ದರು. ಆಗ ನನ್ನ ಮೊದಲ ಕೆಲಸ ಕರ್ಪೂರದ ಮರದ ಸಸಿ ನೆಡುವುದು. ನೀಲಗಿರಿ ಎಣ್ಣೆ ತೆಗೆಯುತ್ತಾರಲ್ಲ, ಅದೇ ಮರ. ನಮ್ಮ ರೇಂಜರು ಕೆಳಗಿನ ಸೀಮೆಯವರು, ತಮಿಳರು, ಕೆಟ್ಟವರಲ್ಲ. ಆದರೆ ಅವರಿಗೆ ಸಾಲು ನೇರವಿಲ್ಲದಿದ್ದರೆ ಅನ್ನ ಇಳಿಯುತ್ತಿರಲಿಲ್ಲ. ಹಗ್ಗ ಹಿಡಿದು ಒಂದು ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡುವರು. ಒಂದೇ ಒಂದು ಸಸಿ ಆಚೆ ಈಚೆ ಆಗಿದ್ದರೆ ಸಾಕು.

"ಏನಪ್ಪಾ ನಂಜಾ, ಇದು ಗೆರೆಯಾ? ಪಾಂಬು ಮಾದಿರಿ ಹೋಗುತ್ತೆ! ಹಾವಿಗೆ ಕೂಡ ನಿನಗಿಂತ ಮರ್ಯಾದೆ ಇದೆ. ಕಿತ್ತು ಹಾಕು!"

ಕಿತ್ತು ಹಾಕು ಎಂದರೆ ಆ ಸಸಿ ಮಾತ್ರವಲ್ಲ, ಇಡೀ ಸಾಲು. ನನ್ನ ಜೊತೆಗೆ ಸೇರಿದ್ದ ಒಬ್ಬ ಸೊಟ್ಟ ಸಾಲಿನ ದೆಸೆಯಿಂದಲೇ ಕೆಲಸ ಕಳೆದುಕೊಂಡ. ಎರಡು ವರ್ಷದಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಮನೆಯಲ್ಲಿ ಹೆಂಡತಿ ಕಟ್ಟಿಗೆ ಒಟ್ಟಿದ್ದು ಸೊಟ್ಟಗಿದ್ದರೂ ಎದ್ದು ಹೋಗಿ ಸರಿ ಮಾಡುತ್ತಿದ್ದೆ. ಇದನ್ನು ಯಾಕೆ ಹೇಳುತ್ತೇನೆ ಎಂದು ಮುಂದೆ ಗೊತ್ತಾಗುತ್ತದೆ.

ಆಮೇಲೆ ನನ್ನನ್ನು ಜವುಗಿನ ಕಾವಲಿಗೆ ಹಾಕಿದರು. ಇತ್ತಲಾರಿನಿಂದ ಅವಲಾಂಚಿಯ ಕಡೆ ಹೋಗುವಾಗ ಎರಡು ಗುಡ್ಡದ ನಡುವೆ ತಟ್ಟೆಯ ಹಾಗೆ ಒಂದು ದೊಡ್ಡ ಜವುಗು. ಮೇಲೆ ಹಸಿರು ಹುಲ್ಲು, ಕೆಳಗೆ ಕಪ್ಪು ಮಣ್ಣು, ಅದರ ಕೆಳಗೆ ನೀರು. ಒಂದು ಕಡೆ ಕಾಲಿಟ್ಟರೆ ಹತ್ತು ಮಾರು ಆಚೆಯ ಹುಲ್ಲು ನಡುಗುತ್ತಿತ್ತು. ನಾನು ಚಿಕ್ಕವನಿದ್ದಾಗ ನಮ್ಮ ಒಂದು ಎಮ್ಮೆ ಅಲ್ಲಿ ಇಳಿದದ್ದನ್ನು ನೋಡಿದ್ದೆ. ಕೂಗಲಿಲ್ಲ, ಒದ್ದಾಡಲಿಲ್ಲ. ನಮ್ಮನ್ನೇ ನೋಡುತ್ತಾ ನೋಡುತ್ತಾ ಇಳಿಯಿತು. ಮಾರನೆಯ ದಿನ ಅಲ್ಲಿ ಹುಲ್ಲು ಮತ್ತೆ ಸರಿಯಾಗಿ ಕೂಡಿಕೊಂಡಿತ್ತು.

ಆ ಜವುಗಿನ ಮೇಲೆ ಎಲ್ಲರ ಕಣ್ಣು. ಉದಕಮಂಡಲದ ಬಂಗಲೆಗಳಿಗೆ ಒಲೆಗೆ ಹಾಕಲು ಅದರ ಕರಿಮಣ್ಣು ಬೇಕು. ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿದರೆ ಕೆಂಡವಾಗಿ ಉರಿಯುತ್ತದೆ. ನಮ್ಮವರಿಗೆ ಎಮ್ಮೆ ಮೇಯಿಸಲು ಅದರ ಹುಲ್ಲು ಬೇಕು. ಬೇಟೆಗೆ ಬರುವ ದೊರೆಗಳಿಗೆ ಕುದುರೆ ಓಡಿಸಲು ಅದರ ಬಯಲು ಬೇಕು. ಒಂದು ಸಲ ನರಿಯ ಹಿಂದೆ ಬಿದ್ದ ಒಬ್ಬ ದೊರೆ ನಾನು ಕೈಯೆತ್ತಿ ಕೂಗಿದರೂ ಕೇಳದೆ ನುಗ್ಗಿದ. ಕುದುರೆ ಎದೆಯ ತನಕ ಹೋಯಿತು. ಹಗ್ಗ ಹಾಕಿ ಎಳೆದೆವು. ಮೇಲೆ ಬಂದ ಮೇಲೆ ಅವನು ನನಗೇ ಬೈದ. ಕಾವಲಿನ ಕೆಲಸ ಎಂದರೆ ಇದೇ, ತಿಳಿದುಕೊಂಡಿರಿ.

ಜವುಗಿನ ಕೆಳಗೆ ಇಳಿಜಾರು. ಇಳಿಜಾರಿನ ಬುಡದಲ್ಲಿ ಒಂದು ಹಟ್ಟಿ, ಇಪ್ಪತ್ತು ಮನೆ ಒಂದೇ ಸಾಲಾಗಿ. ಹೆಸರು ಬರೆಯುವುದಿಲ್ಲ, ಇವತ್ತು ಅದು ಅಲ್ಲಿಲ್ಲ. ನನ್ನ ಅಕ್ಕ ಮಾಸಿಯನ್ನು ಕೊಟ್ಟದ್ದು ಆ ಹಟ್ಟಿಗೇ. ಭಾವ ಲಿಂಗನದು ದೊಡ್ಡ ನಗು, ದೊಡ್ಡ ಹೊಟ್ಟೆ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು ಮಾಸಿ. ಹಾಗಾಗಿ ನನ್ನ ಊಟ ಅರ್ಧ ಆ ಮನೆಯಲ್ಲೇ.

ಆ ದಿನಗಳಲ್ಲಿ ನಮ್ಮ ಇಲಾಖೆಗೆ, ರೇಂಜರಿಗೂ ಮೇಲಿನವನಾಗಿ, ಒಬ್ಬ ಹೊಸ ಬಿಳಿ ದೊರೆ ಬಂದ. ಎಡಗಾಲು ಸ್ವಲ್ಪ ಕುಂಟು. ಮುಂಚೆ ಸಮುದ್ರದ ದಡದಲ್ಲಿ ಮರಳುದಿಬ್ಬಗಳ ಕೆಲಸದಲ್ಲಿದ್ದವನು. ಸಮುದ್ರ ನೋಡದ ನನಗೆ ಅವನು ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿದ: "ಅಲ್ಲಿ ಮರಳಿನ ಗುಡ್ಡ ಇದೆ ನಂಜ. ಮೇಲೆ ಒಂದು ಬಳ್ಳಿ ಹಬ್ಬಿರುತ್ತೆ, ಅದೇ ಅದರ ಚರ್ಮ. ಆಡು ಮೇಯ್ತದೆ, ಜನ ಸೌದೆಗೆ ಕೀಳ್ತಾರೆ, ಗಾಡಿ ಓಡ್ತದೆ. ಚರ್ಮ ಹರಿದರೆ ಮರಳು ಎದ್ದು ನಡೀತದೆ. ಬಾವಿ ಮುಚ್ಚಿ, ತೆಂಗಿನ ಮರ ಮುಚ್ಚಿ, ಮನೆ ಒಳಗೆ ಬರ್ತದೆ. ಒಂದು ಗುಡಿಯ ಶಿಖರ ಮಾತ್ರ ಕಾಣ್ತಿತ್ತು, ನಾನು ನೋಡಿದ್ದೇನೆ. ಈ ಜವುಗಿಗೂ ಮೇಲೆ ಚರ್ಮ ಅಷ್ಟೇ."

ಗುಡ್ಡ ಎದ್ದು ನಡೆಯುವುದೇ! ಅವತ್ತು ನನಗೆ ಅದು ಅಜ್ಜಿಕತೆಯ ಹಾಗೆ ಕೇಳಿಸಿತು. ಅವಲಾಂಚಿ ಎಂಬ ಇಂಗ್ಲಿಷ್ ಹೆಸರು ಬಂದದ್ದೇ ಹಿಂದೊಮ್ಮೆ ಗುಡ್ಡ ಜಾರಿದ್ದರಿಂದ ಎಂದು ಕೇಳಿದ್ದೆ. ಕೇಳಿದ್ದಷ್ಟೇ, ಕಿವಿಯಿಂದ ಹೊಟ್ಟೆಗೆ ಇಳಿದಿರಲಿಲ್ಲ.

ದೊರೆ ಇಳಿಜಾರಿನ ಮೇಲೆ ಅಡ್ಡಕ್ಕೆ ಇಪ್ಪತ್ತು ಗೂಟ ಹೊಡೆಸಿದ. ಈ ಕಡೆಯ ಬಂಡೆಯಿಂದ ಆ ಕಡೆಯ ಬಂಡೆಗೆ ಹಗ್ಗ ಕಟ್ಟಿ, ಹಗ್ಗದ ಗುಂಟ ಗೂಟ. ತಲೆಗೆ ಸುಣ್ಣ. ಮರಳುದಿಬ್ಬದಲ್ಲಿ ಮಾಡುತ್ತಿದ್ದ ಕೆಲಸವಂತೆ. ಯಾಕೆ ಎಂದು ರೇಂಜರಿಗೆ ಇಂಗ್ಲಿಷಿನಲ್ಲಿ ಹೇಳಿರಬೇಕು. ರೇಂಜರು ನನಗೆ ಹೇಳಿದ್ದು ಇಷ್ಟು: "ತಿಂಗಳಿಗೆ ಒಂದು ಸಲ ಹೋಗು. ಬಂಡೆಯಿಂದ ಬಂಡೆಗೆ ಹಗ್ಗ ಹಿಡಿ. ಸಾಲು ನೇರ ಇದೆಯಾ ನೋಡಿ ಬಂದು ಹೇಳು." ಅದಾದ ಮೇಲೆ ದೊರೆ ಒಂದು ವರ್ಷದ ರಜೆಗೆ ವಿಲಾಯಿತಿಗೆ ಹೋದ.

ಮೊದಲ ತಿಂಗಳು ಸಾಲು ನೇರವಿತ್ತು. ಎರಡನೆಯ ತಿಂಗಳು ನಡುವಿನ ನಾಲ್ಕು ಗೂಟ ಹಗ್ಗದಿಂದ ನಾಲ್ಕು ಬೆರಳು ಕೆಳಗೆ. ಯಾರಾದರೂ ಕಂಡರೋ ಎಂದು ಸುತ್ತ ನೋಡಿದೆ. ಗುಡ್ಡಕ್ಕೆ ಹೆದರಿ ಅಲ್ಲ, ರೇಂಜರಿಗೆ ಹೆದರಿ. ಎಮ್ಮೆ ಮೈ ಉಜ್ಜಿರಬೇಕು, ಇಲ್ಲವೇ ಹಂದಿ ಮೂತಿ ಹಾಕಿರಬೇಕು, ಹಾಗಂದುಕೊಂಡೆ. ಸೊಟ್ಟ ಸಾಲನ್ನು ಹೋಗಿ ಹೇಳುವುದುಂಟೇ? ನಾಲ್ಕೂ ಗೂಟ ಕಿತ್ತೆ. ಹಗ್ಗಕ್ಕೆ ಸರಿಯಾಗಿ ಮೇಲಕ್ಕೆ ತಂದು ಹೊಡೆದೆ. ಹಳೆಯ ಗುಳಿಗಳಿಗೆ ಮಣ್ಣು ತುಂಬಿ, ಮೇಲೆ ಚೂರು ಬಿಳಿಕಲ್ಲು ಹಾಕಿ ತುಳಿದು ಮುಚ್ಚಿದೆ. ಸುಣ್ಣ ಕೂಡ ಹೊಸದಾಗಿ ಬಳಿದೆ, ಅಷ್ಟು ಜಾಣ ನಾನು! ರೇಂಜರ ಮುಂದೆ ನಿಂತು "ಸಾಲು ನೇರ ಸ್ವಾಮಿ" ಎಂದೆ. ಅವರು ಬರೆದುಕೊಂಡರು.

ಹೀಗೆ ಹನ್ನೆರಡು ತಿಂಗಳು. ತಿಂಗಳು ತಿಂಗಳೂ ಎಮ್ಮೆಯನ್ನೂ ಹಂದಿಯನ್ನೂ ಬೈಯುತ್ತಾ ಗೂಟ ಕಿತ್ತು ಮೇಲೆ ನೆಟ್ಟೆ. ಭಾವನ ಮನೆಯ ಜಗಲಿಯಲ್ಲಿ ಕೂತು ಕೊಚ್ಚಿಕೊಂಡೆ ಕೂಡ. ಭಾವ ಹಟ್ಟಿಯವರಿಗೆಲ್ಲ ಹೇಳುತ್ತಿದ್ದ: "ಎನ್ನ ಬಾಮೈದನ ಸಾಲು ನೋಡಿ ಬನ್ನಿ. ದಾರ ಹಿಡಿದ ಹಾಗೆ ಅದೆ!"

ಅದೇ ವರ್ಷ ಪೇಟೆಯ ಒಬ್ಬ ಗುತ್ತಿಗೆದಾರ ಅಪ್ಪಣೆ ಚೀಟಿ ತಂದು ಜವುಗಿನ ಕೆಳಗಿನ ಅಂಚಿನಲ್ಲಿ ಕರಿಮಣ್ಣು ಕಡಿಯಲು ಶುರುಮಾಡಿದ. ನೀರು ಹರಿದು ಹೋಗಲಿ ಎಂದು ಒಂದು ಕಾಲುವೆಯನ್ನೂ ತೋಡಿದ. ಎಮ್ಮೆಗಳು ಹೂತುಹೋಗದ ಗಟ್ಟಿ ದಾರಿ ಯಾವುದು ಎಂದು ಅವನ ಆಳುಗಳಿಗೆ ತೋರಿಸಿದವನು ನಾನೇ.

ಆ ಬೇಸಿಗೆಯಲ್ಲಿ ಒಂದು ದಿನ ಮಾಸಿ ರಾಗಿ ಹಿಟ್ಟಿನ ಮುದ್ದೆ ಬಡಿಸುತ್ತಾ ಹೇಳಿದಳು: "ಏ ನಂಜ, ಎನ್ನ ಬಾಗಿಲು ಮುಚ್ಚದು. ಹೋದ ವರ್ಷ ಸರಿ ಇತ್ತು. ಈಗ ಮೇಲಿನ ಮೂಲೆ ಹಿಡಿದದೆ."

"ಬಾಗಿಲಿಗೂ ವಯಸ್ಸಾಯ್ತು ಅಕ್ಕ, ನಿನ್ನ ಹಾಗೆ," ಎಂದೆ.

ಅವಳು ನಗಲಿಲ್ಲ. "ಒರತೆ ನೀರು ಕೆಂಪು ಬಂದದೆ. ಮಳೆ ಇಲ್ಲದೆ ನೀರು ಕೆಂಪಾಗೋದು ಎಲ್ಲಿ ಉಂಟು? ಎಂಗ ಹೆಣ್ಣುಗ ಬೆಳಗಾದರೆ ನೀರು ಮೊಗೆಯೋರು. ಎಂಗಳಿಗೆ ಗೊತ್ತಾಗದಾ?"

ನಾನು ಏನು ಹೇಳಿದೆ ಗೊತ್ತೇ? "ಅಲ್ಲಿ ಇಪ್ಪತ್ತು ಗೂಟ ಅದೆ, ಎಲ್ಲಾ ನೇರ ಅದೆ. ನೀನು ಹೆದರಬೇಡ." ಗೂಟ ಯಾತಕ್ಕೆ ಎಂದೇ ತಿಳಿಯದವನು ಗೂಟದ ಮೇಲೆ ಆಣೆ ಇಟ್ಟೆ.

ಮುಂಗಾರು ಹಿಡಿದು ಎರಡು ವಾರ ಆಗಿತ್ತು. ದೊರೆ ರಜೆಯಿಂದ ಬಂದ. ಮಳೆಯಲ್ಲೇ ನನ್ನನ್ನು ಬಂಗಲೆಗೆ ಕರೆಸಿದ. ಮೇಜಿನ ಮೇಲೆ ರೇಂಜರ ಪುಸ್ತಕ ಬಿಚ್ಚಿತ್ತು.

"ಹನ್ನೆರಡು ತಿಂಗಳೂ ನೇರ. ಬಹಳ ಸಂತೋಷ ನಂಜ. ಗುತ್ತಿಗೆದಾರ ಇನ್ನೂ ಒಳಗೆ ಕಡೀಬೇಕು ಅಂತಾನೆ. ನಾನು ಬೇಡ ಅನ್ನೋಣ ಅಂತಿದ್ದೆ. ಆದರೆ ನಿನ್ನ ಗುಡ್ಡ ಗಟ್ಟಿ ಗುಡ್ಡ. ನಾಳೆ ರುಜು ಹಾಕ್ತೇನೆ." ಆಮೇಲೆ ನಗುತ್ತಾ ಹೇಳಿದ: "ಮರಳು ಒಳಗೊಳಗೇ ನಡೆದರೆ ಕಣ್ಣಿಗೆ ಗೊತ್ತಾಗೋದಿಲ್ಲ. ಗೂಟಕ್ಕೆ ಗೊತ್ತಾಗ್ತದೆ. ಸಾಲು ಬಿಲ್ಲಿನ ಹಾಗೆ ಬಗ್ಗಿತು ಅಂದರೆ ನೆಲ ಹೊರಟಿದೆ ಅಂತ. ಆಗ ಕೆಳಗಿನ ಜನ ಓಡಬೇಕು."

ಅಯ್ಯೋ ದೇವರೇ. ದೊರೆ ಇನ್ನೂ ಏನೋ ಹೇಳುತ್ತಿದ್ದ, ನನಗೆ ಅವನ ಮೀಸೆ ಆಡುವುದು ಮಾತ್ರ ಕಾಣುತ್ತಿತ್ತು. ಸಲಾಮು ಹೊಡೆದು ಹೊರಗೆ ಬಂದೆ. ಬಾಯಿ ಬಿಡಲಿಲ್ಲ. ಹೌದು, ಬಿಡಲಿಲ್ಲ. ಹೆಂಡತಿಗೆ ಏಳು ತಿಂಗಳು. ಕೆಲಸ ಹೋದರೆ ಏನು ಗತಿ? ಎಮ್ಮೆಯೇ ಇದ್ದಿರಬಹುದು, ಹಂದಿಯೇ ಇದ್ದಿರಬಹುದು, ಒಂದು ಸಲ ನೋಡಿ ಬರೋಣ ಎಂದು ಗುಡ್ಡ ಹತ್ತಿದೆ.

ಮಂಜು ಎಷ್ಟಿತ್ತೆಂದರೆ ಎರಡು ಗೂಟ ಕಂಡರೆ ಮೂರನೆಯದು ಕಾಣುತ್ತಿರಲಿಲ್ಲ. ನಡುವಿನ ಗೂಟದ ಹತ್ತಿರ ಮಂಡಿಯೂರಿ ಕೆಳಗಿನ ಹುಲ್ಲು ಸರಿಸಿದೆ. ಗೂಟದಿಂದ ಎರಡು ಗೇಣು ಕೆಳಗೆ ನಾನು ಮುಚ್ಚಿದ್ದ ಗುಳಿ, ಬಿಳಿಕಲ್ಲಿನ ಚೂರು ಸಮೇತ. ಅದರ ಕೆಳಗೆ ಅದರ ಹಿಂದಿನ ತಿಂಗಳಿನದು. ಅದರ ಕೆಳಗೆ ಇನ್ನೊಂದು. ಕೈಯಲ್ಲಿ ತಡಕುತ್ತಾ ಕೆಳಗೆ ಕೆಳಗೆ ಹೋದೆ. ಹನ್ನೊಂದು ಗುಳಿ, ಒಂದರ ಕೆಳಗೆ ಒಂದು, ನೇರವಾಗಿ. ಅಷ್ಟು ನೇರ ಸಾಲನ್ನು ನಾನು ಜನ್ಮದಲ್ಲಿ ಹಾಕಿರಲಿಲ್ಲ. ಮೊದಲ ಗುಳಿ ಗೂಟದಿಂದ ನಾಲ್ಕು ಮೊಳ ಕೆಳಗಿತ್ತು.

ನೆಲ ಹೊರಟಿತ್ತು. ನಾನು ಅದರ ಮೇಲೆಯೇ ಮಂಡಿಯೂರಿದ್ದೆ. ಇನ್ನೂ ಮೇಲೆ, ಜವುಗಿನ ಅಂಚಿನಲ್ಲಿ, ಹುಲ್ಲು ಬಿರಿದು ಕೈ ಇಡುವಷ್ಟು ಬಾಯಿ ತೆರೆದಿತ್ತು. ಕಾಲುವೆಯ ನೀರೆಲ್ಲ ಆ ಬಾಯಿಯೊಳಗೆ ಹೋಗುತ್ತಿತ್ತು. ಒಳಗೆ ಎಲ್ಲೋ ಗುಳುಗುಳು ಎನ್ನುವುದು ಕೇಳುತ್ತಿತ್ತು. ನಾನು ಎದ್ದು ನಿಲ್ಲಲಿಲ್ಲ, ಕಾಲು ಊರಿದರೆ ಎಲ್ಲಾ ಹೊರಟುಬಿಡುತ್ತದೋ ಎಂದು ತೆವಳಿಕೊಂಡೇ ಬಂಡೆಯ ತನಕ ಬಂದೆ. ಅಲ್ಲಿಂದ ಓಡಿದೆ.

ಬಂಗಲೆಯಲ್ಲಿ ರೇಂಜರೂ ಇದ್ದರು. ಇಬ್ಬರ ಮುಂದೆಯೂ ಹೇಳಿದೆ. ಗೂಟ ಕಿತ್ತದ್ದು, ಗುಳಿ ಮುಚ್ಚಿದ್ದು, ಸುಣ್ಣ ಬಳಿದದ್ದು, ಎಲ್ಲಾ. ರೇಂಜರು ಕೈಯೆತ್ತಿದರು. ದೊರೆ ಅವರ ಕೈ ತಡೆದ. ಅವನ ಮುಖ ಸುಣ್ಣವಾಗಿತ್ತು.

"ಯಾಕೆ ನಂಜ?"

"ಸೊಟ್ಟ ಇತ್ತು ದೊರೆ. ಸರಿ ಮಾಡಿದೆ," ಎಂದೆ.

ಅವನು ತಲೆ ಹಿಡಿದುಕೊಂಡ. "ನಾನು ನಿನಗೆ ಯಾಕೆ ಅಂತ ಹೇಳಲೇ ಇಲ್ಲ," ಎಂದ. ಇಷ್ಟೇ. ಆಗಲೇ ಕತ್ತಲು ಕವಿದು, ಆ ಮಂಜಿನಲ್ಲಿ ದಾರಿ ಕಾಣುತ್ತಿರಲಿಲ್ಲ; ಮಾರನೆಯ ದಿನ ಬೆಳಕು ಹರಿಯುತ್ತಲೇ ಮೂವರೂ ಹಟ್ಟಿಗೆ ಹೊರಟೆವು.

ಹಟ್ಟಿಯ ಗೌಡ, ಊರಿನ ಹಿರಿಯ, ಕಂಬಳಿ ಹೊದ್ದು ಕಟ್ಟೆಯ ಮೇಲೆ ಕೂತು ಎಲ್ಲವನ್ನೂ ಕೇಳಿದ. ಕೇಳಿ ನನ್ನ ಕಡೆ ತಿರುಗಿದ.

"ನೀನೇ ಅಲ್ಲವಾ ವರ್ಷವೆಲ್ಲಾ ಸಾಲು ನೇರ ಅಂದೋನು? ಈಗ ನೀನೇ ಬಂದು ಗುಡ್ಡ ಬೀಳ್ತದೆ ಅಂತೀಯ. ಯಾವ ನಂಜನ ಮಾತು ನಂಬೋದು ಎಂಗ?"

"ಈಗಿನದು ನಂಬಿ, ಗೌಡ. ಆಗ ಹೇಳಿದ್ದು ಸುಳ್ಳು. ಗೂಟ ನೇರ ನಿಂತಿರಲಿಲ್ಲ, ನಾನು ನಿಲ್ಲಿಸಿದೆ."

ಒಬ್ಬ ನಕ್ಕ. ಇನ್ನೊಬ್ಬ ನಕ್ಕ. ಭಾವನಂತೂ ಹೊಟ್ಟೆ ಹಿಡಿದು ನಕ್ಕ. ಇಲಾಖೆಗೆ ನಮ್ಮ ಜಮೀನು ಬೇಕಾಗಿದೆ, ಅದಕ್ಕೆ ಹೆದರಿಸಲು ಬಂದಿದ್ದಾರೆ ಎಂದು ಯಾರೋ ಹಿಂದಿನಿಂದ ಕೂಗಿದರು. ಮಳೆ ಜೋರಾಗುತ್ತಿತ್ತು. ನಾನು ಗೌಡನ ಕಾಲು ಹಿಡಿದೆ.

ಆಗ ಮಾಸಿ ಖಾಲಿ ಕೊಡ ಹಿಡಿದು ಬಂದಳು. "ಒರತೆ ನಿಂತು ಹೋಗ್ಯದೆ," ಎಂದಳು. "ಆಕಾಶ ಸುರೀತಾ ಅದೆ, ಒರತೆಯಲ್ಲಿ ಒಂದು ಹನಿ ಇಲ್ಲೆ."

ಗುಡ್ಡದೊಳಗೆ ನೀರಿನ ದಾರಿ ಮುರಿದಿದೆ ಎಂದು ಎಲ್ಲರಿಗೂ ಗೊತ್ತಾಯಿತು, ನಗು ನಿಂತಿತು. ಮಾಸಿ ಯಾರನ್ನೂ ಕೇಳಲಿಲ್ಲ. ಮನೆಗೆ ಹೋಗಿ ಒಲೆಯ ಕೆಂಡವನ್ನು ಮಡಕೆಗೆ ತುಂಬಿ, ಮೇಲೆ ಬೂದಿ ಮುಚ್ಚಿ, ಕಂಬಳಿಯೊಳಗೆ ಇಟ್ಟುಕೊಂಡು ಎದುರಿನ ದಿಣ್ಣೆಯ ಕಡೆ ನಡೆದಳು. ಬೆಂಕಿ ಮನೆ ಬಿಟ್ಟಿತು ಎಂದರೆ ಮನೆ ಬಿಟ್ಟ ಹಾಗೆಯೇ. ಅದನ್ನು ನೋಡಿ ಬೇರೆ ಹೆಂಗಸರೂ ಹೊರಟರು. ಹೆಂಗಸರ ಹಿಂದೆ ಮಕ್ಕಳು, ಎಮ್ಮೆಗಳು, ಕೊನೆಗೆ ಗೌಡ. ದೊರೆ ತಾನೇ ಒಬ್ಬ ಮುದುಕಿಯನ್ನು ಬೆನ್ನ ಮೇಲೆ ಹೊತ್ತು ಕುಂಟುತ್ತಾ ಏರಿದ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ದಿಣ್ಣೆಯ ಮೇಲಿದ್ದರು. ಎಣಿಸಿದೆ. ಯಾರೂ ಕಡಿಮೆಯಿರಲಿಲ್ಲ.

ಆಗ ಭಾವ ಎದ್ದ. "ಹಾಲಿನ ಮಡಕೆ ಬಿಟ್ಟು ಬಂದೆ," ಎಂದ.

ನಮ್ಮ ಮನೆಗಳಲ್ಲಿ ಹಾಲಿಗೆ ಒಂದು ಒಳಕೋಣೆ ಉಂಟು, ಹಾಗೋಟು ಎನ್ನುತ್ತೇವೆ. ಅಲ್ಲಿಗೆ ಹೆಂಗಸರು ಕಾಲಿಡುವಂತಿಲ್ಲ. ಆ ಮಡಕೆಗಳನ್ನು ಮುಟ್ಟುವವರು ಆ ಮನೆಯ ಗಂಡಸರು ಮಾತ್ರ. ಅಪ್ಪ, ಅಜ್ಜನ ಕಾಲದಿಂದ ಬಂದ ಮಡಕೆ ಇಲ್ಲದೆ ಹೊಸ ಜಾಗದಲ್ಲಿ ಹಾಲು ಕರೆಯುವುದೆಂದರೆ ಭಾವನಿಗೆ ಆಗದ ಮಾತು. ಮಾಸಿ ಕೆಂಡ ತಂದಿದ್ದಳು, ಮಡಕೆ ತರಲು ಅವಳಿಗೆ ಅಪ್ಪಣೆಯಿರಲಿಲ್ಲ.

"ನಾನು ತರುತ್ತೇನೆ ಭಾವ, ನೀನು ಕೂತುಕೋ."

"ನೀನು ಬೇರೆ ಮನೆಯವನು. ಮುಟ್ಟಿದರೆ ಕೆಟ್ಟಿತು."

"ಹಾಳಾಗಿ ಹೋಗಲಿ ಮಡಕೆ! ಹೋಗಬೇಡ!"

ತೋಳು ಹಿಡಿದೆ. ಅವನು ಬಿಡಿಸಿಕೊಂಡ. ನನ್ನ ಬೆನ್ನು ತಟ್ಟಿ, ಅದೇ ದೊಡ್ಡ ನಗು ನಕ್ಕು ಹೇಳಿದ: "ಹನ್ನೆರಡು ತಿಂಗಳು ನೇರ ನಿಲ್ಲಿಸಿದೆಯಲ್ಲೋ, ಇನ್ನೊಂದು ಗಳಿಗೆ ನಿಲ್ಲಿಸು."

ಇಳಿದು ಹೋದ. ಮಂಜಿನಲ್ಲಿ ಅವನ ಕಂಬಳಿ ಮರೆಯಾಯಿತು. ಬಾಗಿಲು ಗರ್ ಎಂದು ಎಳೆದದ್ದು ಕೇಳಿಸಿತು. ಅದೇ ಹಿಡಿದುಕೊಳ್ಳುವ ಬಾಗಿಲು. ಆಮೇಲೆ ಕಟ್ಟೆಯ ಹತ್ತಿರದ ಮರ ಮುರಿದ ಶಬ್ದ, ಆಮೇಲೆ ಗುಡುಗಿನಂಥದ್ದು, ಆದರೆ ನೆಲದೊಳಗಿನಿಂದ. ನಾವು ಏನನ್ನೂ ನೋಡಲಿಲ್ಲ. ಮಂಜು ಹಾಗೆಯೇ ಬೆಳ್ಳಗೆ ನಿಂತಿತ್ತು. ಹಸಿ ಮಣ್ಣಿನ ವಾಸನೆ ಮಾತ್ರ ದಿಣ್ಣೆಯ ಮೇಲಕ್ಕೆ ಬಂತು. ಮಂಜು ಸರಿದಾಗ ಇಪ್ಪತ್ತು ಮನೆಯ ಜಾಗದಲ್ಲಿ ಕಪ್ಪು ಕೆಸರು. ನಾಲ್ಕು ದಿನ ಅಗೆದೆವು. ಮಡಕೆಯ ಒಂದು ಚೂರು ಕೂಡ ಸಿಗಲಿಲ್ಲ, ಭಾವನೂ ಸಿಗಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಗುತ್ತಿಗೆದಾರನ ಚೀಟಿ ರದ್ದಾಯಿತು. ದೊರೆ ತಪ್ಪು ತನ್ನದೆಂದು ಬರೆದುಕೊಟ್ಟು ಬೇರೆ ಜಿಲ್ಲೆಗೆ ಹೋದ. ನನ್ನನ್ನು ತೆಗೆಯಲಿಲ್ಲ. ತೆಗೆದಿದ್ದರೆ ಒಂದು ರೀತಿಯಲ್ಲಿ ಹಗುರವಾಗುತ್ತಿತ್ತು. ಆಮೇಲಿನ ವರ್ಷಗಳೆಲ್ಲ ಅದೇ ಜವುಗಿನ ಮೇಲೆ ಕಳೆದೆ. ಕಾಲುವೆ ಮುಚ್ಚಿದೆವು, ಹುಲ್ಲಿನ ಹೆಂಟೆ ತಂದು ಹರಿದ ಜಾಗಕ್ಕೆ ಹೊದಿಸಿದೆವು, ಎಮ್ಮೆಗೆ ಕಲ್ಲು ಹಾಸಿ ದಾರಿ ಮಾಡಿದೆವು. ಬೇಟೆಯವರ ಕುದುರೆಯ ಮುಂದೆ ಕೈಯಗಲಿಸಿ ನಿಂತೆ, ಚಾವಟಿಯ ಏಟನ್ನೂ ತಿಂದೆ. ಈಗಲೂ ಮಾಡಿನ ಮೇಲೆ ಮಳೆ ಜೋರಾದರೆ ಎದ್ದು ಹೋಗಿ ಬಾಗಿಲು ಮುಚ್ಚುತ್ತದೆಯೇ ಎಂದು ನೋಡುತ್ತೇನೆ.

ಹಟ್ಟಿಯವರು ದಿಣ್ಣೆಯ ಮೇಲೆ ಹೊಸ ಮನೆ ಕಟ್ಟಿಕೊಂಡರು. ಮಾಸಿ ನನಗೆ ಒಂದು ಮಾತೂ ಬೈಯಲಿಲ್ಲ. ಹಿಟ್ಟು ಬಡಿಸಿದಳು, ನಾನು ತಲೆ ತಗ್ಗಿಸಿ ಉಂಡೆ. ಒಂದು ದಿನ ಹೇಳಿದಳು: "ಎನ್ನ ಮನೆ ಹಿಂದೆಯೂ ಗೂಟ ಹೊಡೆದು ಕೊಡು." ಹಗ್ಗ ಹಿಡಿದು ಹತ್ತು ಗೂಟ ಹೊಡೆದೆ. ಸಾಲಿನ ತುದಿಯಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದಾಗ ಅವಳು ಹಿಂದೆ ಬಂದು ನಿಂತಳು.

"ಇನ್ನು ನೀನು ಮುಟ್ಟಬೇಡ. ನಾನು ನೋಡಿಕೊಂಬೆ," ಎಂದಳು.

ಬದುಕಿದ್ದ ತನಕ ಅವಳೇ ನೋಡಿಕೊಂಡಳು. ಹೋದ ವಾರ ಅವಳ ಮನೆಯ ಹಿಂದಕ್ಕೆ ಹೋಗಿದ್ದೆ. ಆರನೆಯ ಗೂಟದ ತಲೆ ಒಂದು ಬೆರಳಿನಷ್ಟು ಈಚೆಗೆ ಬಂದಂತೆ ಕಂಡಿತು. ನನ್ನ ಕಣ್ಣೂ ಈಗ ಮಂಜು, ಇರಬಹುದು, ಇಲ್ಲದಿರಬಹುದು. ಅದರ ಹತ್ತಿರ ಬಗ್ಗಿದೆ. ಬಲಗೈ ತಾನಾಗಿಯೇ ಮುಂದೆ ಹೋಯಿತು. ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಈ ಮುದಿಗಾಲಿನಲ್ಲೇ ಓಡಿ ಹೋಗಿ ಮನೆ ಮನೆಯ ಬಾಗಿಲು ಒದ್ದು ಎಲ್ಲರನ್ನೂ ಎಬ್ಬಿಸಿದೆ: "ಬಂದು ನೋಡಿ! ನಾನು ಮುಟ್ಟಿಲ್ಲ! ನೀವೇ ಬಂದು ನೋಡಿ!"